ಕಿವಿಯ ಮಾತು ನಿಂತ ಮೇಲೆ

ಗುಳೇದಗುಡ್ಡದ ಕಡೆಯಿಂದ ಬಾಗಲಕೋಟೆಯ ನನ್ನ ಕ್ಲಿನಿಕ್ಕಿಗೆ ಬರುವ ತಾಯಂದಿರು ಆಗಾಗ ಹೇಳುವ ಮಾತಿದು: "ಗುಳಿಗಿ ತಗೊಂಡ ಮ್ಯಾಲೆ ಕಿವ್ಯಾಗಿನ ಮಾತು ನಿಂತಾವ್ರೀ ಸಾಹೇಬ್ರ. ಆದ್ರ ಮಗ್ಗದ ಮ್ಯಾಲೆ ಕುಂದ್ರಂಗಿಲ್ಲ. ಮೈಗಳ್ಳ ಆಗ್ಯಾನ."

ಅದು ಮೈಗಳ್ಳತನ ಅಲ್ಲ. ಸ್ಕಿಜೋಫ್ರೇನಿಯಾದಲ್ಲಿ, ಅಂದರೆ ಯಾರೂ ಆಡದ ಮಾತು ಕೇಳಿಸುವ, ಇಲ್ಲದ ಅನುಮಾನ ಹುಟ್ಟಿಸುವ ಈ ಮನೋಕಾಯಿಲೆಯಲ್ಲಿ, ಮಿದುಳಿನ ರಾಸಾಯನಿಕಗಳ ಏರುಪೇರು ಎಲ್ಲ ಹಂತದಲ್ಲೂ, ಮಿದುಳಿನ ಎಲ್ಲ ಭಾಗದಲ್ಲೂ ಒಂದೇ ಥರ ಇರುವುದಿಲ್ಲ.

ಮೊದಲು ಡೋಪಮಿನ್ ಎಂಬ ರಾಸಾಯನಿಕ ನೋಡೋಣ. ಯಾವುದು ಮುಖ್ಯ ಅಂತ ಮಿದುಳಿಗೆ ಗುರುತು ಹಾಕಿಕೊಡುವುದು ಅದರ ಒಂದು ಕೆಲಸ. ಬನಶಂಕರಿ ಜಾತ್ರೆಯಲ್ಲಿ ಎಷ್ಟು ಮೈಕು ಕೂಗಿದರೂ ನಿಮ್ಮ ಹೆಸರು ಬಂದಾಗ ಮಾತ್ರ ತಿರುಗಿ ನೋಡುತ್ತೀರಿ, ಅಲ್ವಾ? ಡೋಪಮಿನ್ ಜಾಸ್ತಿಯಾದ ಹುಡುಗನಿಗೆ ಎಲ್ಲ ಮೈಕೂ ತನ್ನ ಹೆಸರನ್ನೇ ಕೂಗಿದಂತೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಕ್ಕರೂ ತನ್ನನ್ನು ನೋಡಿಯೇ ನಕ್ಕರು ಅನಿಸುತ್ತದೆ.

ಇದು ರಾತ್ರೋರಾತ್ರಿ ಆಗುವುದಲ್ಲ. ನಿದ್ದೆ ಕೆಟ್ಟು, ಗೆಳೆಯರನ್ನು ಬಿಟ್ಟು, ಸುಮ್ನೆ ಅನುಮಾನ ಪಡುವ ಹಂತದಲ್ಲೇ ಕೆಲವರಲ್ಲಿ ಡೋಪಮಿನ್ ತಯಾರಿಕೆ ಏರಿದ್ದು ಸ್ಕ್ಯಾನ್ ಅಧ್ಯಯನಗಳಲ್ಲಿ ಕಂಡಿದೆ. ಆಗ ಮನೆಯವರು ಪರೀಕ್ಷೆಯ ಟೆನ್ಷನ್ ಅನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಅನ್ನುತ್ತಾರೆ. ದೇವರಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಬರುವಾಗ ಇಲ್ಲಿಗೂ ಬನ್ನಿ ಅನ್ನುತ್ತೇನೆ.

1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಎಂಬ ಔಷಧವನ್ನು ಇಂಥ ಕಾಯಿಲೆಗೆ ಬಳಸಿದಾಗಿನಿಂದ ನಮ್ಮ ಗುಳಿಗೆಗಳೆಲ್ಲ ಹೆಚ್ಚುಕಮ್ಮಿ ಡೋಪಮಿನ್ ಬಾಗಿಲನ್ನೇ ಮುಚ್ಚುತ್ತ ಬಂದಿವೆ. ಕಿವಿಯ ಮಾತು ನಿಲ್ಲುವುದು ಹಾಗೆ. ಆದರೆ ಹುಮ್ಮಸ್ಸು, ಯೋಜನೆ, ಗಮನ ಹಣೆಯ ಹಿಂದಿನ ಭಾಗದ ಕೆಲಸ. ಅಲ್ಲಿ ಡೋಪಮಿನ್ ಕಡಿಮೆಯೇ ಇರಬಹುದು. ಬಾಗಿಲು ಮುಚ್ಚಿದರೆ ಅಲ್ಲಿ ಏನು ಬಂತು? ಕೆಲವೊಮ್ಮೆ ಗುಳಿಗೆಯೇ ಮಂಕು ತರಿಸುತ್ತದೆ, ಅದನ್ನೂ ಒಪ್ಪಬೇಕು. ಹಾಗಂತ ಗುಳಿಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು.

ಸುಮಾರು ಮೂವರಲ್ಲಿ ಒಬ್ಬರಿಗೆ ಮಾಮೂಲಿ ಗುಳಿಗೆಗಳು ಸಾಲುವುದಿಲ್ಲ. ಇಂಥ ಹಲವರಲ್ಲಿ ಡೋಪಮಿನ್ ತಯಾರಿಕೆ ಸರಿಯಾಗಿಯೇ ಇರುತ್ತದೆ. ಅವರಲ್ಲಿ ಸಂಶೋಧಕರ ಅನುಮಾನ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಮೇಲೆ. ಮಾಮೂಲಿ ಗುಳಿಗೆ ಸಾಲದವರಿಗೆ ಕ್ಲೋಜಪಿನ್ ಎಂಬ ಬೇರೆ ಗುಳಿಗೆ ಕೊಡುತ್ತೇವೆ, ಜೊತೆಗೆ ತಪ್ಪದೆ ರಕ್ತ ಪರೀಕ್ಷೆ. ಆ ಪರೀಕ್ಷೆ ಬಿಳಿ ರಕ್ತಕಣ ಇಳಿದಿವೆಯೇ ನೋಡಲಿಕ್ಕೆ. ಕಾಯಿಲೆಯನ್ನೇ ಹಿಡಿಯುವ ರಕ್ತ ಪರೀಕ್ಷೆ ಇನ್ನೂ ಬಂದಿಲ್ಲ.

ಆ ತಾಯಂದಿರಿಗೆ ನಾನು ಹೇಳುವುದಿಷ್ಟು: ಮಗ್ಗಕ್ಕೆ ಈಗಲೇ ಕೂರಿಸಬೇಡಿ. ದಿನಕ್ಕೆ ಅರ್ಧ ಗಂಟೆ ಕಂಡಿಕೆ, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತಲಿ. ಒಬ್ಬ ತಾಯಿ ಎರಡು ತಿಂಗಳ ನಂತರ ಬಂದರು. "ಹತ್ತು ಕಂಡಿಕಿ ಸುತ್ತಾನ್ರೀ. ಹನ್ನೊಂದನೇದಕ್ಕ ಎದ್ದು ಹೋಗ್ತಾನ." ಗುಳಿಗೆ ಅದೇ ಇರಲಿ ಅಂತ ಬರೆದುಕೊಟ್ಟೆ.