ಪದ ಪರಿಚಯ: ಸ್ವಸಾಮರ್ಥ್ಯದ ನಂಬಿಕೆ

ನಿರ್ದಿಷ್ಟವಾದ ಒಂದು ಕೆಲಸವನ್ನು, ಎದುರಿಗಿರುವ ಅಡಚಣೆಗಳ ನಡುವೆಯೂ ಮಾಡಬಲ್ಲೆನೆಂದು ವ್ಯಕ್ತಿಗೆ ತನ್ನ ಮೇಲಿರುವ ಭರವಸೆಗೆ ಸ್ವಸಾಮರ್ಥ್ಯದ ನಂಬಿಕೆ ಎನ್ನುತ್ತಾರೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಈ ಪರಿಕಲ್ಪನೆ, ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ದೀರ್ಘಕಾಲದ ನೋವಿನ ಚಿಕಿತ್ಸೆಯಲ್ಲಿ ಇಂದು ಮುಖ್ಯ ಸ್ಥಾನ ಪಡೆದಿದೆ.

ನೋವು ಪೂರ್ತಿ ಹೋಗುತ್ತದೆಂಬ ನಿರೀಕ್ಷೆಗೂ ಇದಕ್ಕೂ ವ್ಯತ್ಯಾಸವಿದೆ. ಇಳಕಲ್ಲಿನಲ್ಲಿ ಸೀರೆಯನ್ನೋ ಗುಳೇದಗುಡ್ಡದಲ್ಲಿ ಖಣವನ್ನೋ ನೇಯುತ್ತ, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ವರ್ಷಗಟ್ಟಲೆ ಕುಳಿತ ನೇಕಾರರೊಬ್ಬರು, "ನಡಾ ನೋಯತೈತಿ, ಆದ್ರೂ ಇನ್ನೊಂದಿಷ್ಟ ನೇಯಾಕ ಆಗತೈತಿ" ಎಂದರೆ ಅವರಲ್ಲಿ ಆ ನಂಬಿಕೆ ಇದೆ ಎಂದರ್ಥ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಮೈಕೆಲ್ ನಿಕೋಲಸ್ ಇದನ್ನು ಅಳೆಯಲು ರೂಪಿಸಿದ ಪ್ರಶ್ನಾವಳಿಯೂ ಮನೆಗೆಲಸ, ದುಡಿಮೆ, ಜನರೊಡನೆ ಬೆರೆಯುವುದು ಮುಂತಾದವನ್ನು ನೋವಿದ್ದರೂ ಮಾಡಬಲ್ಲಿರಾ ಎಂದೇ ಕೇಳುತ್ತದೆ. ಅದರ 10 ಹೇಳಿಕೆಗಳಿಗೆ ತಲಾ 0ಯಿಂದ 6ರವರೆಗೆ ಅಂಕ, ಒಟ್ಟು 60.

ನೋವು ಹಳೆಯದಾದಂತೆ ನರಮಂಡಲವೇ ಅತಿ ಸೂಕ್ಷ್ಮವಾಗಬಹುದಾದ್ದರಿಂದ, ನೋವಿನ ತೀವ್ರತೆ ಎಷ್ಟೋ ಸಲ ದೇಹಕ್ಕಾದ ಹಾನಿಯ ಅಳತೆಯಾಗಿ ಉಳಿಯುವುದಿಲ್ಲ. ಇದನ್ನು ಯಾರೂ ತಿಳಿಸಿ ಹೇಳದಿದ್ದಾಗ, ಬಗ್ಗಿದರೆ ಬೆನ್ನು ಕೆಡುತ್ತದೆಂಬ ಅಂಜಿಕೆಯಿಂದ ಮನುಷ್ಯ ಚಲನೆಯನ್ನೇ ಬಿಡುತ್ತಾನೆ. ಸ್ನಾಯುಗಳು ಸೊರಗುತ್ತವೆ, ಸಣ್ಣ ಕೆಲಸಕ್ಕೂ ನೋವು ಹೆಚ್ಚುತ್ತದೆ, ತನ್ನ ಮೇಲಿನ ಭರವಸೆ ಮತ್ತಷ್ಟು ಕುಸಿಯುತ್ತದೆ.

ಬಂಡೂರಾ ಈ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು. ತನ್ನಂಥವರು ಮಾಡಿದ್ದನ್ನು ಕಾಣುವುದು, ಇತರರ ಉತ್ತೇಜನದ ಮಾತು, ದೇಹ ಮತ್ತು ಮನಸ್ಸಿನ ಸ್ಥಿತಿ ಇವು ಮೂರು; ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ಮುಗಿಸಿದ ಅನುಭವ. ಆದ್ದರಿಂದಲೇ ಫಿಸಿಯೋಥೆರಪಿಯಲ್ಲಿ ಗುರಿಯನ್ನು ಚಿಕ್ಕದಾಗಿ ಇಟ್ಟುಕೊಳ್ಳುತ್ತಾರೆ. ಮೈ ಹಗುರಾದ ದಿನ ಮಿತಿಮೀರಿ ದುಡಿದು ಮರುದಿನ ಹಾಸಿಗೆ ಹಿಡಿಯುವುದಕ್ಕಿಂತ, ನೋವು ಎಬ್ಬಿಸುವ ಮೊದಲೇ ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಕೂರುವುದು, ಆ ಅವಧಿಯನ್ನು ನಿಧಾನವಾಗಿ ಬೆಳೆಸುವುದು ಹೆಚ್ಚು ಫಲಕಾರಿ.

ಈ ಪದವನ್ನು ರೋಗಿಯ ಮೇಲೆ ತಪ್ಪು ಹೊರಿಸಲು ಬಳಸುವುದು ಅನ್ಯಾಯ. ನೋವು ನಿಜವಾದದ್ದು; ಕಾಲಿನಲ್ಲಿ ಹೊಸದಾಗಿ ಬಲಹೀನತೆ ಕಂಡರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಲೇಬೇಕು. ಮನೆಯವರೂ ಅಕ್ಕರೆಯಿಂದ ಪ್ರತಿಯೊಂದು ಕೆಲಸವನ್ನು ರೋಗಿಯ ಕೈಯಿಂದ ಕಸಿದುಕೊಳ್ಳದೆ, ಅವರಿಂದಾಗುವಷ್ಟನ್ನು ಅವರಿಗೇ ಬಿಟ್ಟು, ಭಾರ ಎತ್ತುವಂಥದ್ದಕ್ಕೆ ಮಾತ್ರ ಕೈಜೋಡಿಸಬೇಕು.