ಬಿಸಿಲು ಜೋರಿದೆ ಅಂತ ಕಾರಿನ ಗಾಜು ಬೇಗ ಕೂರುವುದಿಲ್ಲ

ಸೋಲಾಪುರ ರಸ್ತೆ, ಸಿಂದಗಿ ರಸ್ತೆ, ಕೊಲ್ಹಾರದ ಕಡೆ. ವಿಜಯಪುರದಿಂದ ಯಾವ ದಿಕ್ಕಿಗೆ ಹೊರಟರೂ ಮುಂದೊಂದು ಖಡಿ ತುಂಬಿದ ಟಿಪ್ಪರ್ ಸಿಗುತ್ತದೆ. ಮೇಲೆ ತಾಡಪತ್ರಿ ಇರುವುದಿಲ್ಲ. ಒಂದು ಕಲ್ಲು ಹಾರಿದರೆ ಮುಂದಿನ ಗಾಜು ಹೋಯಿತು. ಹೀಗೆ ನನ್ನ ಹತ್ತಿರ ಗಾಜು ಹಾಕಿಸಲು ಬಂದವರು ಹೊಸ ಗಾಜು ಕೂರಿಸಿದ ಕೂಡಲೇ ಕೇಳುವ ಮಾತು ಒಂದೇ: "ಇಷ್ಟ್ ಬಿಸಲ ಐತ್ರಿ, ಅರ್ಧ ತಾಸಿನ್ಯಾಗ ಒಣಗೂದಿಲ್ಲೇನ್ರಿ?"

ಇಲ್ಲ. ನಮ್ಮೂರ ಬೇಸಿಗೆಯಲ್ಲಂತೂ ಇನ್ನೂ ತಡವಾಗಬಹುದು.

ಗಾಜನ್ನು ಕಾರಿನ ತಗಡಿಗೆ ಅಂಟಿಸುವ ಸೀಲಂಟ್ ಪಾಲಿಯುರೆಥೇನ್ ಎಂಬ ರಾಸಾಯನಿಕದಿಂದ ಮಾಡಿದ್ದು. ಗೋಡೆಯ ಬಣ್ಣದ ಹಾಗೆ ನೀರು ಆರಿ ಒಣಗುವ ವಸ್ತು ಅಲ್ಲ ಅದು. ಗಾಳಿಯಲ್ಲಿರುವ ತೇವ ಹೀರಿಕೊಂಡೇ ಗಟ್ಟಿಯಾಗುತ್ತದೆ. ಮೊದಲು ಹೊರಗೆ ಒಂದು ಪದರ ಕಟ್ಟುತ್ತದೆ, ಆಮೇಲೆ ತೇವ ನಿಧಾನಕ್ಕೆ ಒಳಗೆ ಇಳಿಯುತ್ತದೆ. 23 ಡಿಗ್ರಿ ಬಿಸಿ, ಗಾಳಿಯಲ್ಲಿ ಶೇ 50ರಷ್ಟು ತೇವ ಇದ್ದಾಗ ಸಾಮಾನ್ಯ ಸೀಲಂಟ್ ದಿನಕ್ಕೆ 3ರಿಂದ 4 ಮಿಲಿಮೀಟರ್ ಗಟ್ಟಿಯಾಗುತ್ತದೆ. ಬಿಸಿ ಇದ್ದರೆ ಕೆಲಸ ಚುರುಕಾಗುತ್ತದೆ, ಅದು ಸುಳ್ಳಲ್ಲ. ಆದರೆ ಏಪ್ರಿಲ್, ಮೇ ಮಧ್ಯಾಹ್ನದ ನಮ್ಮ ಗಾಳಿಯಲ್ಲಿ ತೇವವೇ ಇರುವುದಿಲ್ಲವಲ್ಲ? ಬೆರಳಿಟ್ಟು ನೋಡಿದರೆ ಮೇಲೆ ಗಟ್ಟಿ, ಒಳಗೆ ಇನ್ನೂ ಮೆತ್ತಗೆ. ಅದಕ್ಕೇ ಮುಟ್ಟಿ ನೋಡಿ ತೀರ್ಮಾನ ಮಾಡುವುದು ತಪ್ಪು.

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಅದನ್ನು ಹೇಳುವುದು ನಾನಲ್ಲ, ಸೀಲಂಟ್ ಮಾಡಿದ ಕಂಪನಿ. ಒಂದು ತಾಸಿಗೇ ಗಾಡಿ ಬಿಡಬಹುದಾದ ಸೀಲಂಟ್ ಇದೆ. ಆರೆಂಟು ತಾಸು ಬೇಡುವುದೂ ಇದೆ. ಎರಡು ಭಾಗ ಬೆರೆಸಿ ಹಚ್ಚುವ ಜಾತಿಯದು ಗಾಳಿಯ ತೇವವನ್ನು ಅಷ್ಟಾಗಿ ನಂಬಿಕೊಂಡಿಲ್ಲ, ಆದರೆ ಬೆಲೆ ಜಾಸ್ತಿ. ನೀವು ಫಿಟ್ಟರ್‌ಗೆ ಕೇಳಬೇಕಾದ್ದು ಇಷ್ಟೇ: ಯಾವ ಸೀಲಂಟ್ ಹಾಕಿದಿರಿ, ಇವತ್ತಿನ ಹವಾಮಾನಕ್ಕೆ ಕಂಪನಿ ಎಷ್ಟು ಹೊತ್ತು ಹೇಳಿದೆ, ಟ್ಯೂಬ್ ಮೇಲಿನ ತಾರೀಖು ಮುಗಿದಿಲ್ಲ ತಾನೇ? ಖಾಲಿ ಟ್ಯೂಬ್ ತೋರಿಸಿ ಅನ್ನಿ. ಸರಿಯಾಗಿ ಕೆಲಸ ಮಾಡುವವನಿಗೆ ಇದರಿಂದ ಬೇಜಾರಾಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಹಚ್ಚಿ ಕೂರಿಸುವವರೂ ಇದ್ದಾರೆ. ಅದು ಬಾತ್‌ರೂಮಿಗೆ ಸರಿ, ಕಾರಿಗಲ್ಲ. ನೀರು ತಡೆಯುತ್ತದೆ, ಗಾಜನ್ನು ಹಿಡಿದಿಡುವುದಿಲ್ಲ. ಒಮ್ಮೆ ಸಿಲಿಕಾನ್ ಮೆತ್ತಿದ ಜಾಗಕ್ಕೆ ಮುಂದೆ ಒಳ್ಳೆಯ ಸೀಲಂಟ್ ಕೂಡ ನೆಟ್ಟಗೆ ಹಿಡಿಯುವುದಿಲ್ಲ.

ಗಾಳಿ ಮಳೆ ತಡೆಯುವ ಗಾಜಿಗೆ ಇಷ್ಟೆಲ್ಲಾ ಯಾಕೆ ಅನ್ನಬಹುದು. ಹಳೆಯ ಅಂಬಾಸಿಡರ್‌ನಲ್ಲಿ ಗಾಜು ರಬ್ಬರ್ ಬೀಡಿಂಗ್‌ನಲ್ಲಿ ಕೂತಿರುತ್ತಿತ್ತು, ಬದಲಿಸಿದ ತಕ್ಷಣ ಓಡಿಸಬಹುದಿತ್ತು. ಇಂದಿನ ಕಾರಿನಲ್ಲಿ ಗಾಜು ಬಾಡಿಯ ಒಂದು ಭಾಗ. ಗಾಡಿ ಪಲ್ಟಿಯಾದರೆ ಮೇಲ್ಛಾವಣಿ ಕುಸಿಯದಂತೆ ಅದೂ ಹೆಗಲು ಕೊಡುತ್ತದೆ. ಇನ್ನೊಂದು, ಪಕ್ಕದ ಸೀಟಿನ ಏರ್‌ಬ್ಯಾಗ್. ಬಹಳ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡ್‌ನಿಂದ ಮೇಲಕ್ಕೆ ಸಿಡಿದು ಗಾಜಿಗೆ ಬಡಿದು, ಆಮೇಲೆ ಕೂತವರ ಕಡೆ ತಿರುಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸೀಲಂಟ್ ಹಸಿ ಇದ್ದರೆ ಗಾಜೇ ಕಿತ್ತು ಬಾನೆಟ್ ಮೇಲೆ ಬೀಳಬಹುದು, ಆಗ ಏರ್‌ಬ್ಯಾಗ್‌ಗೆ ಆಸರೆ ಎಲ್ಲಿದೆ? ಪಕ್ಕದ ಸೀಟಿನಲ್ಲಿ ಹೆಚ್ಚಾಗಿ ಕೂರುವವರು ಮನೆಯವರು. ಹಾಗಾಗಿ ಅವಸರಕ್ಕೆ ಗಾಡಿ ಬಿಡು ಅನ್ನುವವರ ಹತ್ತಿರ ನಾನು ಜಗಳಕ್ಕೇ ಇಳಿಯುತ್ತೇನೆ.

ಕಾಯುವುದಕ್ಕಿಂತ ಮೊದಲಿನ ಕೆಲಸವೂ ನೋಡಿಕೊಳ್ಳಿ. ಹಳೆ ಸೀಲಂಟ್ ಪೂರ್ತಿ ಕೆರೆಯಬಾರದು, ತೆಳ್ಳಗೆ ಒಂದೆರಡು ಮಿಲಿಮೀಟರ್ ಬಿಡಬೇಕು. ತಗಡು ಗೀರಿದ ಕಡೆ ಪ್ರೈಮರ್, ಅಂದರೆ ಅಂಟಿಗೂ ಮೊದಲು ಹಚ್ಚುವ ದ್ರವ, ಬೀಳಲೇಬೇಕು, ಇಲ್ಲದಿದ್ದರೆ ತುಕ್ಕು ಹಿಡಿದು ಅಂಟು ಬಿಡುತ್ತದೆ. ಪ್ರೈಮರ್ ಹಚ್ಚಿದ ಜಾಗ ಕೈಯಿಂದ ಮುಟ್ಟಿದರೆ ಬೆವರು, ಎಣ್ಣೆ ಅಂಟುತ್ತದೆ. ನಮ್ಮ ಎರೆ ಮಣ್ಣಿನ ಧೂಳು ಬೇರೆ ಇದೆ. ಮೇ ತಿಂಗಳಲ್ಲಿ ಹೊರಗೆ ನಿಂತ ಕಾರಿನ ತಗಡು ಕಾದ ಹೆಂಚಿನಂತಾಗಿರುತ್ತದೆ, ಹಚ್ಚಿದ ಸೀಲಂಟ್ ಗಾಜು ಇಡುವ ಮೊದಲೇ ಮೇಲೆ ಪದರ ಕಟ್ಟುತ್ತದೆ. ಹಾಗಾಗಿ ಬೆಳಿಗ್ಗೆ, ನೆರಳಲ್ಲಿ ಮಾಡಿಸಿ.

ಗಾಡಿ ಕೈಗೆ ಬಂದ ಮೇಲೆ ಮೊದಲ ದಿನ ಒಂದು ಕಿಟಕಿ ಎರಡು ಬೆರಳಷ್ಟು ಇಳಿಸಿಡಿ. ಎಲ್ಲ ಮುಚ್ಚಿ ಬಾಗಿಲು ದಡ್ ಅಂತ ಹಾಕಿದರೆ ಒಳಗಿನ ಗಾಳಿ ಗಾಜನ್ನು ಹೊರಗೆ ನೂಕುತ್ತದೆ. ಹಂಪ್ ಬಂದಾಗ ನಿಧಾನ, ಹೊಲದ ದಾರಿ ಆ ದಿನ ಬೇಡ. ಅಂಚಿಗೆ ಟೇಪ್ ಹಚ್ಚಿದ್ದರೆ ಚಂದ ಕಾಣುವುದಿಲ್ಲ ಅಂತ ಕೀಳಬೇಡಿ, ಮರುದಿನದವರೆಗೂ ಇರಲಿ. ಪ್ರೆಷರ್ ಪೈಪ್‌ನಲ್ಲಿ ತೊಳೆಸುವುದು ಎರಡು ದಿನ ಬಿಟ್ಟು. ಮಳೆ ಬಂದರೆ ಹೆದರಬೇಡಿ, ತೇವ ಸೀಲಂಟ್‌ಗೆ ಒಳ್ಳೆಯದೇ.

ವೈಪರ್ ಬ್ಲೇಡ್ ಹಳೆಯದೇ ಇದ್ದರೆ ಗಾಜಿನ ಜೊತೆಗೇ ಬದಲಿಸಿ. ಅದರಲ್ಲಿ ಸಿಕ್ಕಿರುವ ಉಸುಕು ಹೊಸ ಗಾಜಿನ ಮೇಲೆ ಗೀರು ಹಾಕುತ್ತದೆ. ಆ ಗೀರು ಹಗಲು ಕಾಣಿಸುವುದಿಲ್ಲ, ರಾತ್ರಿ ಎದುರಿನ ಲಾರಿಯ ಲೈಟ್ ಬಿದ್ದಾಗ ಇಡೀ ಗಾಜು ಬೆಳ್ಳಗಾಗುತ್ತದೆ. ಗಾಜಿನ ಹಿಂದೆ ಕ್ಯಾಮೆರಾ ಇರುವ ಹೊಸ ಕಾರುಗಳಲ್ಲಿ, ಅಂದರೆ ತಾನೇ ಬ್ರೇಕ್ ಹಾಕುವ, ಲೇನ್ ಹಿಡಿಯುವ ಕಾರುಗಳಲ್ಲಿ, ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು. ಅದು ಸ್ಕ್ಯಾನರ್ ಇರುವ ಕಡೆಯೇ ಆಗುವ ಕೆಲಸ. ಆಗುವವರೆಗೂ ಆ ಸೌಲಭ್ಯ ಬಂದ್ ಮಾಡಿ ಓಡಿಸಿ.

ವಿಮೆಯಲ್ಲಿ ಗಾಜಿಗೆ ಸವಕಳಿ ಕಡಿತ, ಅಂದರೆ ಹಳೆಯದಾಯಿತು ಅಂತ ಹಣ ಕಡಿಮೆ ಮಾಡುವುದು, ಇಲ್ಲ. ಆದರೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗಬಹುದು, ಗಾಜಿನ ಬೆಲೆ ನೋಡಿ ಲೆಕ್ಕ ಹಾಕಿ. ಕ್ಲೇಮ್ ಮಾಡುವುದಾದರೆ ಒಡೆದ ಗಾಜು ಬಿಚ್ಚುವ ಮೊದಲೇ ವಿಮಾ ಕಂಪನಿಗೆ ತಿಳಿಸಿ, ಫೋಟೋ ತೆಗೆದಿಡಿ. ಇನ್ನು ಫಾಸ್ಟ್ಯಾಗ್. ಕಿತ್ತು ಮತ್ತೆ ಅಂಟಿಸಲು ಬರುವುದಿಲ್ಲ, ಕಿತ್ತರೆ ಕೆಡುವಂತೆಯೇ ಮಾಡಿರುತ್ತಾರೆ. ಕೊಟ್ಟ ಬ್ಯಾಂಕಿಗೆ ಹೇಳಿ ಅದೇ ಗಾಡಿಗೆ ಬದಲಿ ಟ್ಯಾಗ್ ತರಿಸಿ, ಗಾಜಿನ ಒಳಗಡೆ, ನಡುವಿನ ಕನ್ನಡಿಯ ಹಿಂದೆ ಹಚ್ಚಿ. ಅಲ್ಲಿಯವರೆಗೆ ಟೋಲ್‌ನಲ್ಲಿ ಹೆಚ್ಚು ಹಣ ಕೊಡಬೇಕಾಗುತ್ತದೆ.