ಓದುಗರ ಪ್ರಶ್ನೆ: ಸರ್ ಡಗ್ಲಸ್ ಕ್ವಿಂಟೆಟ್‌ದು ಯಾವ ಹಳೇ ಆಲ್ಬಮ್ ಕೇಳ್ಬೇಕು? (ಮತ್ತೆ ಇಲ್ಲ, ಅವ್ರು ಇಂಗ್ಲೆಂಡ್‌ನವ್ರಲ್ಲ)

ಪ್ರಶ್ನೆ: "ಸರ್, ಸರ್ ಡಗ್ಲಸ್ ಕ್ವಿಂಟೆಟ್ ಅಂತ ಅರವತ್ತರ ದಶಕದ ಬ್ರಿಟಿಷ್ ಬ್ಯಾಂಡ್ ಇತ್ತಲ್ಲ, ಮೆಂಡೊಸಿನೊ ಹಾಡಿನವ್ರು, ಅವ್ರದ್ದು ಕೇಳೋ ಅಂಥ ಆಲ್ಬಮ್ ಏನಾದ್ರೂ ಇದ್ಯಾ, ಇಲ್ಲ ಬರೀ ಎರಡು ಹಾಡೇನಾ?"

ಎರಡು "ಸರ್" ಒಟ್ಟೊಟ್ಟಿಗೆ ಬಂದಿದ್ದು ನೋಡಿ ನಕ್ಕೆ, ಮುಂದಕ್ಕೆ ಓದಿದ್ಮೇಲೆ ನಗು ಹೋಯ್ತು. ಇದು ಎಷ್ಟನೇ ಸಲ ಅಂತ ಲೆಕ್ಕ ಇಡೋದು ನಾನು ಬಿಟ್ಟು ಕಾಲ ಆಯ್ತು. ಒಬ್ರು ಹಾಡಿನ ಹೆಸರು ತಪ್ಪು ಬರೀತಾರೆ, ಇನ್ನೊಬ್ರು ವರ್ಷ ತಪ್ಪು ಬರೀತಾರೆ, ಆದ್ರೆ ಆ "ಬ್ರಿಟಿಷ್ ಬ್ಯಾಂಡ್" ಅನ್ನೋ ತಪ್ಪನ್ನ ಮಾತ್ರ ಎಲ್ರೂ ತಪ್ಪದೇ ಬರೀತಾರೆ. ಹೇಳಿ ಹೇಳಿ ಬಾಯಿ ಒಣಗಿದೆ. ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸಿ ಕೈ ತೊಳ್ಕೊಳ್ತೀನಿ.

ಅರ್ಜೆಂಟಲ್ಲಿ ಇರೋರಿಗೆ ಉತ್ತರ ಇಷ್ಟೇ: ಇದೆ, ಬೇಕಾದಷ್ಟಿದೆ. 1968ರಿಂದ 1971ರ ಒಳಗೆ ಐದು ಆಲ್ಬಮ್ ಮಾಡಿದಾರೆ, ಅದ್ರಲ್ಲಿ 1970ರ "ಟುಗೆದರ್ ಆಫ್ಟರ್ ಫೈವ್" ಮತ್ತೆ 1971ರ "ದಿ ರಿಟರ್ನ್ ಆಫ್ ಡಗ್ ಸಾಲ್ಡಾನ್ಯಾ" ಇವೆರಡನ್ನ ಮೊದ್ಲು ಕೇಳಿ, ಉಳಿದದ್ದು ಆಮೇಲೆ ನೋಡ್ಕೊಳಿ. ಆಯ್ತು, ಅರ್ಜೆಂಟಿನವ್ರು ಹೊರಡಬಹುದು.

ಉಳಿದೋರು ಕೂತ್ಕೊಳಿ. ಬ್ರಿಟಿಷ್ ಅಲ್ಲ ಸ್ವಾಮಿ. ಟೆಕ್ಸಸ್, ಸ್ಯಾನ್ ಆಂಟೋನಿಯೊ. ಬ್ಯಾಂಡಿನ ಯಜಮಾನ, ಹಾಡುಗಾರ ಡಗ್ ಸಾಮ್ ಹುಟ್ಟಿದ್ದು ಅಲ್ಲೇ, 1941ರ ನವೆಂಬರ್ 6ಕ್ಕೆ. ಯಾವ ರಾಣಿನೂ ಅವನ ಭುಜದ ಮೇಲೆ ಕತ್ತಿ ಇಟ್ಟು ಸರ್ ಅಂದಿಲ್ಲ. ಆ ಹೆಸರಿನ ಹಿಂದೆ ಇದ್ದಿದ್ದು ಹ್ಯೂಯಿ ಮೋ ಅನ್ನೋ ಟೆಕ್ಸಸ್ ಪ್ರೊಡ್ಯೂಸರು, ರೆಕಾರ್ಡ್ ವ್ಯಾಪಾರಕ್ಕೆ ಇಳಿಯೋಕೆ ಮುಂಚೆ ಕಟಿಂಗ್ ಶಾಪ್ ಮಾಡ್ಕೊಂಡಿದ್ದ ಆಸಾಮಿ. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಿದ್ದೇ ಬಂದಿದ್ದು, ಊರಿನ ಹುಡುಗರ ರೆಕಾರ್ಡ್ ಕೇಳೋರಿಲ್ಲ, ರೇಡಿಯೋ ಹಾಕಿದ್ರೆ ಲಂಡನ್ನು ಲಿವರ್‌ಪೂಲು. ಮೋ ಏನ್ ಮಾಡ್ದ ಅಂದ್ರೆ, ಅವನೇ ಹೇಳ್ಕೊಂಡಿರೋ ಕಥೆ ಪ್ರಕಾರ, ಬೀಟಲ್ಸ್ ರೆಕಾರ್ಡ್‌ಗಳನ್ನೂ ಒಂದಿಷ್ಟು ಅಗ್ಗದ ವೈನನ್ನೂ ತಗೊಂಡು ರೂಮಿಗೆ ಹೋಗಿ ಬಾಗ್ಲು ಹಾಕ್ಕೊಂಡ, ಹಾಕಿದ್ದೇ ಹಾಕಿ ಕೇಳ್ದ, ಕೊನೆಗೆ "ಅರೆ, ಇದು ನಮ್ಮ ಕೇಜನ್ ಕುಣಿತದ ಟು-ಸ್ಟೆಪ್ ತಾಳನೇ ಅಲ್ವಾ" ಅಂತ ತೀರ್ಮಾನಕ್ಕೆ ಬಂದ. (ಕೇಜನ್ ಅಂದ್ರೆ ಪಕ್ಕದ ಲೂಸಿಯಾನಾದ ಫ್ರೆಂಚ್ ಮೂಲದ ಜನ.) ಹೊರಗೆ ಬಂದು ಡಗ್ಗಿಗೆ ಹೇಳಿದ್ದು ಎರಡೇ ಮಾತು, ಕೂದ್ಲು ಬಿಡು, ಈ ತಾಳಕ್ಕೊಂದು ಹಾಡು ಕಟ್ಟು. ಕಟಿಂಗ್ ಶಾಪಿನವನೇ ಕೂದ್ಲು ಬಿಡು ಅಂದ ಅಂದ್ರೆ ಕಾಲ ಹೇಗಿತ್ತು ನೋಡಿ.

ಹಂಗೆ ಹುಟ್ಟಿದ್ದು 1965ರ "ಶೀಸ್ ಅಬೌಟ್ ಎ ಮೂವರ್". ಅಮೆರಿಕದ ಚಾರ್ಟಲ್ಲಿ 13ನೇ ಜಾಗಕ್ಕೆ ಹೋಯ್ತು, ಇಂಗ್ಲೆಂಡಲ್ಲೇ 15ಕ್ಕೆ. ಫೋಟೋ ತೆಗೆದ್ರೆ ಮುಖ ಕಾಣದ ಹಾಗೆ ಕತ್ತಲಲ್ಲಿ ನಿಲ್ಲಿಸಿ ತೆಗೀತಿದ್ರು, ಯಾಕಂದ್ರೆ ಡ್ರಮ್ಸ್ ಬಾರಿಸ್ತಿದ್ದವನ ಹೆಸ್ರು ಜಾನಿ ಪೆರೆಜ್, ಪೆರೆಜ್ ಅನ್ನೋ ಹುಡುಗನ್ನ ನಿಲ್ಲಿಸಿ ಲಿವರ್‌ಪೂಲ್ ಅಂದ್ರೆ ಯಾರು ನಂಬ್ತಾರೆ. ಆಮೇಲೆ ಟೀವಿಲಿ ಟ್ರಿನಿ ಲೋಪೆಜ್ ಅನ್ನೋ ಹಾಡುಗಾರ, ಅವನೂ ಟೆಕ್ಸಸ್ಸಿನವನೇ, ಇವ್ರು ನಮ್ಮೂರ ಹುಡುಗರು ಅಂತ ಗುಟ್ಟು ರಟ್ಟು ಮಾಡಿಬಿಟ್ಟ. ಅಂದ್ರೆ ಈ ವೇಷದ ಬಣ್ಣ ಬಯಲಾಗಿ ಅರವತ್ತು ವರ್ಷ ಆಯ್ತು, ನೀವು ಈಗ್ಲೂ ಟಿಕೆಟ್ ತಗೊಂಡು ಆ ನಾಟಕ ನೋಡ್ತಾ ಕೂತಿದೀರ.

ಇಷ್ಟು ಹೇಳಿದ ತಕ್ಷಣ ಸ್ವಲ್ಪ ಓದ್ಕೊಂಡಿರೋರು ಬರ್ತಾರೆ. ನನಗೆ ಜಾಸ್ತಿ ತಲೆನೋವು ಇವ್ರದ್ದೇ. "ಟೆಕ್ಸಸ್‌ನವ್ರು ಅಂತ ಗೊತ್ತು ಸರ್, ಆದ್ರೆ ಶುರುವಲ್ಲಿ ಇಂಗ್ಲಿಷರನ್ನ ಕಾಪಿ ಹೊಡೆದ್ರು, ಆಮೇಲೆ ಊರಿನ ನೆನಪಾಗಿ ಟೆಕ್ಸ್-ಮೆಕ್ಸ್ ಕಡೆ ಹೊರಳಿದ್ರು." (ಟೆಕ್ಸ್-ಮೆಕ್ಸ್ ಅಂದ್ರೆ ಟೆಕ್ಸಸ್ಸಿನ ಮೆಕ್ಸಿಕನ್ನರ ಸಂಗೀತ.) ಇದು ಮೊದಲನೇ ಸುಳ್ಳಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದು, ಅಷ್ಟೇ. ತಾಳ ಇಂಗ್ಲಿಷರದ್ದು ಅಂತ ಇಟ್ಕೊಳಿ, ಹಾಡಿನ ಮೈ ಅಮೆರಿಕದ 12 ಬಾರಿನ, ಅಂದ್ರೆ ಹನ್ನೆರಡು ಆವರ್ತದ, ಬ್ಲೂಸು, ಅದ್ರ ಮೇಲೆ ಕೂತಿರೋದು ಆಗಿ ಮೇಯರ್ಸ್‌ನ ಆರ್ಗನ್ನು. (ಆಗಿ ಅನ್ನೋದು ಮನುಷ್ಯನ ಹೆಸ್ರು, ವ್ಯಾಕರಣದ ಆಗಿ ಅಲ್ಲ.) ಆ ಹಾಡು ಈಗ್ಲೇ ಹಾಕಿ, ಡಗ್ಗಿನ ದನಿ ಬಿಟ್ಟು ಬರೀ ಆರ್ಗನ್ ಕೇಳಿ. ಸ್ವರಾನ ಉದ್ದಕ್ಕೆ ಎಳೀತಾ ಇಲ್ಲ ಅವನು. ತುಂಡು ತುಂಡಾಗಿ ಕುಕ್ತಾ ಇದಾನೆ, ಚಕ್ ಚಕ್ ಚಕ್ ಅಂತ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಆರ್ಗನ್ನು ಇಟ್ಕೊಂಡು ಯಾರಾದ್ರೂ ಹಂಗ್ಯಾಕೆ ನುಡಿಸ್ತಾರೆ? ಯಾಕಂದ್ರೆ ಅವನ ಕಿವೀಲಿ ಇದ್ದಿದ್ದು ಆರ್ಗನ್ನೇ ಅಲ್ಲ, ದಕ್ಷಿಣ ಟೆಕ್ಸಸ್ಸಿನ ಮೆಕ್ಸಿಕನ್ನರ ಕನ್ಹುಂತೊ ಮೇಳ. ಆ ಮೇಳದಲ್ಲಿ ಮುಂದೆ ಅಕಾರ್ಡಿಯನ್ ರಾಗ ಹಾಡುತ್ತೆ, ಪಕ್ಕದಲ್ಲಿ ಬಾಹೋ ಸೆಕ್ಸ್ತೋ ಅಂತ ಹನ್ನೆರಡು ತಂತಿಯ ದಪ್ಪ ಗಿಟಾರು ಮಂದ್ರ ಒಂದು ಪೆಟ್ಟು, ಮೇಲಿನದ್ದೊಂದು ಪೆಟ್ಟು ಅಂತ ಉಂ-ಪಾ ಉಂ-ಪಾ ಹಾಕ್ತಾ ಹೋಗುತ್ತೆ. ಆಗಿ ಆ ಬಾಹೋ ಸೆಕ್ಸ್ತೋ ಪೆಟ್ಟನ್ನ ಎತ್ತಿ ಕರೆಂಟ್ ಪೆಟ್ಟಿಗೆ ಮೇಲೆ ಇಟ್ಟ. ಅಕಾರ್ಡಿಯನ್ ಇಲ್ದೇ ಟೆಕ್ಸ್-ಮೆಕ್ಸ್ ಆಗಿದ್ದು ಹೀಗೆ, ಅದೂ ಮೊದಲನೇ ಹಿಟ್ಟಲ್ಲೇ. ಹೊರಳೋಕೆ ಅವ್ರು ಬೇರೆ ಕಡೆ ಹೋಗೇ ಇರ್ಲಿಲ್ಲ.

ತಮಾಷೆ ಏನ್ ಗೊತ್ತಾ, ಆ ಬ್ಯಾಂಡಲ್ಲಿ ನಿಜವಾಗ್ಲೂ ಬ್ರಿಟಿಷ್ ಆಗಿದ್ದ ಸದಸ್ಯ ಒಬ್ಬ ಇದ್ದ, ಅದು ಆ ಆರ್ಗನ್ನೇ. ವಾಕ್ಸ್ ಕಾಂಟಿನೆಂಟಲ್, ಇಂಗ್ಲೆಂಡಿನ ಕೆಂಟ್ ಕೌಂಟಿಯ ಕಂಪನಿ ಮಾಡಿದ್ದು, ಕೆಂಪು ಮುಚ್ಚಳ, ಬಿಳಿ ಇರ್ಬೇಕಾದಲ್ಲಿ ಕಪ್ಪು ಕೀ, ಕಪ್ಪು ಇರ್ಬೇಕಾದಲ್ಲಿ ಬಿಳಿ. ಇಂಗ್ಲಿಷರ ಪೆಟ್ಟಿಗೇಲಿ ಮೆಕ್ಸಿಕನ್ ಪೆಟ್ಟು, ಅದನ್ನ ಮತ್ತೆ ಇಂಗ್ಲಿಷರಿಗೇ ಮಾರಿದಾರೆ.

ಇನ್ನು ಡಗ್ ಸಾಮ್. ಮನೆತನ ಜರ್ಮನ್, ಬೆಳೆದಿದ್ದು ಊರಿನ ಪೂರ್ವಕ್ಕೆ ಕರಿಯರು ಹೆಚ್ಚಿಗೆ ಇದ್ದ ಭಾಗದಲ್ಲಿ, ಹೊಲ ದಾಟಿದ್ರೆ ಬ್ಲೂಸ್ ಕ್ಲಬ್ಬು. ಸ್ಟೀಲ್ ಗಿಟಾರಲ್ಲಿ ಬಾಲಪ್ರತಿಭೆ ಅಂತ ಹೆಸರು ಮಾಡಿದ್ದ ಹುಡುಗ, 1952ರ ಡಿಸೆಂಬರಲ್ಲಿ, 11ನೇ ವಯಸ್ಸಿಗೆ, ಆಸ್ಟಿನ್ನಿನ ಸ್ಕೈಲೈನ್ ಕ್ಲಬ್ಬಲ್ಲಿ ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಜೊತೆ ಸ್ಟೇಜ್ ಹತ್ತಿದ್ದ. ಅದಾಗಿ ಎರಡು ವಾರಕ್ಕೆ ಹ್ಯಾಂಕ್ ವಿಲಿಯಮ್ಸ್ ತೀರ್ಕೊಂಡ. ಕಂಟ್ರಿ ಅಲ್ಲಿಂದ, ಬ್ಲೂಸು ಹೊಲದಾಚೆಯಿಂದ, ಕನ್ಹುಂತೊ ಊರಿನ ಪಶ್ಚಿಮದ ಕಡೆಯಿಂದ. ಇಂಥವನು ಇನ್ನೊಬ್ರನ್ನ ಕಾಪಿ ಹೊಡೆಯೋಕೆ ಸಮುದ್ರ ದಾಟ್ತಾನಾ? ಸಾಕು, ಈ ವಿಷಯ ಇಲ್ಲಿಗೆ ಮುಗೀತು, ಇನ್ನು ಯಾರಾದ್ರೂ ಬ್ರಿಟಿಷ್ ಅಂದ್ರೆ ಉತ್ತರ ಕೊಡಲ್ಲ. (ಕೊಡ್ತೀನಿ. ನನ್ನ ಹಣೆಬರಹ.)

ಆಲ್ಬಮ್ ವಿಷಯಕ್ಕೆ ಬರೋಣ. ಮೊದಲನೇದ್ರ ಹೆಸರು "ದಿ ಬೆಸ್ಟ್ ಆಫ್ ದಿ ಸರ್ ಡಗ್ಲಸ್ ಕ್ವಿಂಟೆಟ್", 1966. ಇನ್ನೂ ಕಣ್ಣೇ ಬಿಡದ ಬ್ಯಾಂಡು ಮೊದಲನೇ ಆಲ್ಬಮ್‌ಗೇ ಬೆಸ್ಟ್ ಆಫ್ ಅಂತ ಹೆಸರಿಟ್ರೆ ಜನ ಅದನ್ನ ಸಂಕಲನ ಅನ್ಕೊಳ್ಳದೇ ಇನ್ನೇನು. ಅಷ್ಟೊತ್ತಿಗೆ 1965ರ ಕೊನೆಗೆ ಕಾರ್ಪಸ್ ಕ್ರಿಸ್ಟಿ ಏರ್‌ಪೋರ್ಟಲ್ಲಿ ಗಾಂಜಾ ಕೇಸಲ್ಲಿ ಸಿಕ್ಕಾಕೊಂಡಿದ್ರು, ಆ ಕಾಲದ ಟೆಕ್ಸಸ್ಸಲ್ಲಿ ಅದು ಹುಡುಗಾಟ ಅಲ್ಲ, ಹಾಗಾಗಿ ಡಗ್ಗು ಕ್ಯಾಲಿಫೋರ್ನಿಯಾಗೆ ಗಂಟುಮೂಟೆ ಕಟ್ಟಿದ.

ಅಲ್ಲಿ ಮಾಡಿದ್ದು 1968ರ "ಹಾಂಕಿ ಬ್ಲೂಸ್". ಆಗಿ ಇಲ್ಲ, ಬದ್ಲಿಗೆ ಸ್ಯಾಕ್ಸೊಫೋನು ಟ್ರಂಪೆಟ್ಟು, ಜಾಝ್ ಕಡೆಗೆ ವಾಲಿದ ಆಲ್ಬಮ್ಮು. ನನಗೆ ಇಷ್ಟ, ಎಲ್ಲರಿಗೂ ಆಗಲ್ಲ. 1969ಕ್ಕೆ ಆಗಿ ವಾಪಸ್ ಬಂದ, "ಮೆಂಡೊಸಿನೊ" ಬಂತು, ಆ ಹಾಡು ಅಮೆರಿಕದಲ್ಲಿ 27ನೇ ಜಾಗ, ಯೂರೋಪಲ್ಲಿ ಅದಕ್ಕಿಂತ ದೊಡ್ಡ ಹಿಟ್ಟು, ಜರ್ಮನ್ ಭಾಷೇಲೂ ಬೇರೆಯವ್ರು ಹಾಡಿ ಗೆದ್ರು. ಜನ ಆ ಒಂದು ಹಾಡು ಕೇಳಿ ಎದ್ದು ಹೋಗ್ತಾರೆ, ಅದೇ ಆಲ್ಬಮ್ಮಲ್ಲಿ "ಅಟ್ ದಿ ಕ್ರಾಸ್‌ರೋಡ್ಸ್" ಇದೆ, "ಟೆಕ್ಸಸ್ ಮಿ" ಇದೆ, ಪರದೇಶದಲ್ಲಿ ಕೂತು ಊರು ನೆನೆಸ್ಕೊಳ್ಳೋ ಹಾಡುಗಳು. ಕ್ಯಾಲಿಫೋರ್ನಿಯಾದ ಊರಿನ ಹೆಸರು ಹೊತ್ತ ಆಲ್ಬಮ್ಮಿನ ಒಳಗೆಲ್ಲ ಟೆಕ್ಸಸ್ಸೇ ಟೆಕ್ಸಸ್ಸು.

"ಟುಗೆದರ್ ಆಫ್ಟರ್ ಫೈವ್" ಆ ನೆರಳಲ್ಲಿ ಮುಚ್ಚಿಹೋಯ್ತು. ಹಿಟ್ ಇಲ್ಲ, ಅದಕ್ಕೇ ಯಾರೂ ಮುಟ್ಟಲ್ಲ. ಹಾಕಿದ್ರೆ "ನುವೆವೊ ಲಾರೆಡೊ" ಶುರು ಆಗುತ್ತೆ, ಸ್ಯಾನ್ ಆಂಟೋನಿಯೊದಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್ ಹೋಗಿ ನದಿ ದಾಟಿದ್ರೆ ಸಿಗೋ ಮೆಕ್ಸಿಕೊ ಊರದು, ಅದೇ ಆಲ್ಬಮ್ಮಲ್ಲಿ ಟಿ-ಬೋನ್ ವಾಕರ್‌ನ ಬ್ಲೂಸು, ಜೊತೆಗೆ "ಡಲ್ಲಾಸ್ ಆಲಿಸ್". ಫ್ಯೂಶನ್ ಮಾಡ್ತಿದೀವಿ ನೋಡಿ ಅನ್ನೋ ಬಿಂಕ ಎಲ್ಲೂ ಇಲ್ಲ, ಮನೇಲಿ ಇದ್ದಿದ್ದನ್ನೇ ಬಡಿಸಿದ ಹಾಗಿದೆ. ಆಮೇಲಿನ "1+1+1=4" ಸ್ವಲ್ಪ ಚೂರು ಚೂರು, ಅಲ್ಲಿ ಇಲ್ಲಿ ರೆಕಾರ್ಡ್ ಮಾಡಿದ್ದನ್ನ ಸೇರಿಸಿ ಹೊಲಿದ ಕೌದಿ, ಆದ್ರೆ ಅದ್ರಲ್ಲಿರೋ "ಬಿ ರಿಯಲ್" ಅನ್ನೋ ಕಂಟ್ರಿ ಹಾಡಿಗೋಸ್ಕರ ಕ್ಷಮಿಸ್ಬಹುದು. ಆ ಹಾಡನ್ನ ಸಿಂಗಲ್ ಆಗಿ ಬಿಟ್ಟಾಗ ವೇಯ್ನ್ ಡಗ್ಲಸ್ ಅಂತ ಇನ್ನೊಂದು ಸುಳ್ಳು ಹೆಸ್ರು. ಈ ಮನುಷ್ಯನಿಗೆ ಹೆಸ್ರಿನ ಚಟ.

ಚಟದಲ್ಲಿ ಒಳ್ಳೇದೂ ಒಂದಿದೆ, ಸಾಲ್ಡಾನ್ಯಾ. ಅದು ಸ್ಯಾನ್ ಆಂಟೋನಿಯೊದ ಮೆಕ್ಸಿಕನ್ ಗೆಳೆಯರು ಅವನಿಗೆ ಇಟ್ಟ ಹೆಸ್ರು, ನೀನು ನಮ್ಮವನೇ ಬಿಡು ಅಂತ. 1971ಕ್ಕೆ ಊರಿಗೆ ಮರಳಿ ಬಂದವನು ಆಲ್ಬಮ್ಮಿಗೆ ಅದನ್ನೇ ಇಟ್ಟ. "ಸರ್ ಡಗ್ಲಸ್" ಅಂತ ಇಂಗ್ಲಿಷರ ಬಣ್ಣ ಹಚ್ಕೊಂಡು ಹೊರಟವನು ಡಗ್ ಸಾಲ್ಡಾನ್ಯಾ ಆಗಿ ವಾಪಸ್ ಬಂದಿದಾನೆ, ಆರೇ ವರ್ಷದಲ್ಲಿ. ಇದ್ರಲ್ಲಿ "ವೇಸ್ಟೆಡ್ ಡೇಸ್, ವೇಸ್ಟೆಡ್ ನೈಟ್ಸ್" ಹಾಡು ಬಿಡ್ಬೇಡಿ. ಮೂಲ ಹಾಡು ಫ್ರೆಡ್ಡಿ ಫೆಂಡರ್‌ದು, 1959ರ ಕಾಲದ್ದು, ಅದು ಓಡೋಕೆ ಶುರು ಆಗೋ ಹೊತ್ತಿಗೆ ಸರಿಯಾಗಿ ಅವನೂ ಗಾಂಜಾ ಕೇಸಲ್ಲಿ ಲೂಸಿಯಾನಾದ ಜೈಲಿಗೆ ಹೋದ, ಹೊರಗೆ ಬಂದ್ಮೇಲೆ ಮೆಕ್ಯಾನಿಕ್ ಕೆಲ್ಸ ಮಾಡ್ಕೊಂಡಿದ್ದ. ಜನ ಮರೆತಿದ್ದ ಅವನ ಹಾಡನ್ನ ಡಗ್ಗು ಅವನಿಗೇ ಅರ್ಪಣೆ ಅಂತ ಹಾಡ್ದ. 1975ರಲ್ಲಿ ಫ್ರೆಡ್ಡಿ ಅದನ್ನೇ ಮತ್ತೆ ರೆಕಾರ್ಡ್ ಮಾಡಿ ಕಂಟ್ರಿ ಚಾರ್ಟಲ್ಲಿ ಮೊದಲನೇ ಜಾಗಕ್ಕೆ ಹೋದ, ಪ್ರೊಡ್ಯೂಸರು ಯಾರು ಅಂತೀರಾ, ಅದೇ ಕಟಿಂಗ್ ಶಾಪಿನ ಹ್ಯೂಯಿ ಮೋ. 1990ರ ಹೊತ್ತಿಗೆ ಡಗ್ಗು, ಆಗಿ, ಫ್ರೆಡ್ಡಿ, ಜೊತೆಗೆ ಅಕಾರ್ಡಿಯನ್‌ನ ಫ್ಲಾಕೊ ಹಿಮೆನೆಸ್, ನಾಲ್ಕೂ ಜನ ಸೇರಿ ಟೆಕ್ಸಸ್ ಟೊರ್ನಾಡೋಸ್ ಅಂತ ಮಾಡಿ ಗ್ರ್ಯಾಮಿ ತಗೊಂಡ್ರು, ಅದ್ರ ಕಥೆ ಬೇರೆ.

ಈಗ ಯಾರೂ ಕೇಳದೇ ಇರೋ ಪ್ರಶ್ನೆ, ಕೇಳ್ಬೇಕಿತ್ತು: ಮೆಕ್ಸಿಕನ್ನರ ಸಂಗೀತದಲ್ಲಿ ಈ ಅಕಾರ್ಡಿಯನ್ನು, ಈ ಪೋಲ್ಕಾ ಕುಣಿತದ ಉಂ-ಪಾ ಎಲ್ಲಿಂದ ಬಂತು? 1840ರ ದಶಕದಿಂದ ಜರ್ಮನ್ನರು, ಆಮೇಲೆ ಚೆಕ್ಕರು ಟೆಕ್ಸಸ್ಸಿಗೆ ಬಂದು ನೆಲೆಸಿದ್ರು, ಸ್ಯಾನ್ ಆಂಟೋನಿಯೊ ಪಕ್ಕದಲ್ಲೇ ನ್ಯೂ ಬ್ರೌನ್‌ಫೆಲ್ಸ್ ಅಂತ ಅವ್ರ ಊರಿದೆ. ಬರೋವಾಗ ಪೋಲ್ಕಾನೂ ತಂದ್ರು, ಪೆಟ್ಟಿಗೇನೂ ತಂದ್ರು. ನಮಗೆ ಇದು ಅರ್ಥ ಆಗೋದು ಸುಲಭ, ಯಾಕಂದ್ರೆ ನಮ್ಮ ಹಾರ್ಮೋನಿಯಂ ಅಕಾರ್ಡಿಯನ್ನಿನ ದಾಯಾದಿ. ಎರಡ್ರಲ್ಲೂ ಗಾಳಿ ಊದಿದ್ರೆ ನಡುಗೋ ಲೋಹದ ರೀಡು, ಅಕಾರ್ಡಿಯನ್ನು ವಿಯೆನ್ನಾದಲ್ಲಿ 1829ಕ್ಕೆ ಪೇಟೆಂಟ್ ಆಯ್ತು, ಹಾರ್ಮೋನಿಯಂ ಪ್ಯಾರಿಸ್ಸಲ್ಲಿ 1840ರ ದಶಕದಲ್ಲಿ. ಲೆಗ್ ಹಾರ್ಮೋನಿಯಂ ಇಲ್ದೇ ಕಂಪನಿ ನಾಟಕ ನೆನೆಸ್ಕೊಳಿ ನೋಡೋಣ, ಆಗಲ್ಲ. ಅದನ್ನ ಫ್ರೆಂಚರ ವಾದ್ಯ ಅಂತ ಇವತ್ತು ಯಾರಾದ್ರೂ ಕರೀತಾರಾ?

ಪೆಟ್ಟಿಗೆ ಜರ್ಮನ್ನರದ್ದು, ನುಡಿಸೋ ರೀತಿ ಬದ್ಲಾಯಿಸಿದ್ದು ನಾರ್ಸಿಸೊ ಮಾರ್ಟಿನೆಸ್. 1936ರಲ್ಲಿ ಅವನು ರೆಕಾರ್ಡ್ ಕೊಡೋಕೆ ಶುರು ಮಾಡ್ದಾಗ ಜೊತೆಗೆ ಬಾಹೋ ಸೆಕ್ಸ್ತೋಗೆ ಸಾಂತಿಯಾಗೊ ಅಲ್ಮೇಡಾ ಇದ್ದ. ಅಕಾರ್ಡಿಯನ್ನಿನ ಎಡಗೈ ಕಡೆ ಮಂದ್ರದ ಗುಂಡಿಗಳಿರುತ್ತೆ, ಜರ್ಮನ್ನರು ಉಂ-ಪಾ ಹಾಕ್ತಿದ್ದಿದ್ದು ಅಲ್ಲಿಂದ. ನಾರ್ಸಿಸೊ ಆ ಕೆಲ್ಸಾನ ಅಲ್ಮೇಡಾಗೆ ಒಪ್ಸಿ, ತಾನು ಬಲಗೈ ರಾಗ ಒಂದೇ ಹಿಡ್ಕೊಂಡು ಸರಾಗ ಓಡಿಸ್ದ. ಅಲ್ಮೇಡಾ ಪಾಲಿಗೆ ಬಂದ ಆ ಕೆಲ್ಸಾನೇ 29 ವರ್ಷ ಆದ್ಮೇಲೆ ಆಗಿ ಮೇಯರ್ಸ್ ವಾಕ್ಸ್ ಪೆಟ್ಟಿಗೇಲಿ ಮಾಡಿದ್ದು.

ಕೊನೇದಾಗಿ, ಇವನ್ನೆಲ್ಲ ಫೋನ್ ಸ್ಪೀಕರಲ್ಲಿ ಕೇಳಿ "ಏನೂ ಅನ್ನಿಸ್ಲಿಲ್ಲ ಸರ್" ಅಂತ ಬರೀಬೇಡಿ. ಹೆಡ್‌ಫೋನ್ ಹಾಕಿ, ಮೊದ್ಲು ನಾರ್ಸಿಸೊ ಮಾರ್ಟಿನೆಸ್‌ದು ಯಾವ್ದಾದ್ರೂ ಒಂದು ಪೋಲ್ಕಾ, ಅದ್ರ ಹಿಂದೆಯೇ "ನುವೆವೊ ಲಾರೆಡೊ". ಆಮೇಲೆ ಬೇಕಾದ್ರೆ ಬರೀರಿ, ಬರೀ ಒಂದು ಸರ್ ಸಾಕು.